ಒಂಬತ್ತನೆಯ ದಿನ ವಿಂಡೋಸ್ 10ಕ್ಕೆ ಮರಳಿದ್ದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದರ ಮರುವಾರವೇ ದೀಪಾವಳಿ. ಹಬ್ಬಕ್ಕೆಂದು ಶಿರಸಿಗೆ ಬಂದಿದ್ದ ಅಕ್ಕನ ಮಗ, ನಾನು ಪುಟವಿನ್ಯಾಸಕ್ಕೆ ಬಳಸುವ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆ, ಪ್ರೊಸೆಸರ್ ಕೂಡ ಅದಕ್ಕೆ ಸಲ್ಲುವ ಎಂಟನೆಯ ತಲೆಮಾರಿನದು ಎಂಬುದನ್ನು ನೋಡಿಕೊಂಡು, ಬಲಿಪಾಡ್ಯಮಿಯ ಮಧ್ಯಾಹ್ನ ಅದನ್ನು ವಿಂಡೋಸ್ 11ಕ್ಕೆ ಏರಿಸಿಕೊಟ್ಟ. ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಸೋದರಮಾವ ಕೆಲಸ ಮಾಡಬಾರದೆಂಬ ಕಾಳಜಿಯಿಂದ ಮಾಡಿದ ಕೆಲಸವದು, ಅವನನ್ನು ದೂರುವಂತಿಲ್ಲ.

ತೊಡಕು ತಿಳಿದದ್ದು ಆರನೆಯ ದಿನ. ಇಲ್ಲಿನ ಸಹಕಾರ ಸಂಘವೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ, ಇಪ್ಪತ್ತೈದನೆಯ ವರ್ಷದ ಹಳೆಯ ಸಂಚಿಕೆಯ ಪುಟಗಳನ್ನು ತೆರೆಯಬೇಕಾಯಿತು. ಅವು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಗಿಂತ ಮೊದಲಿನ ಪದ್ಧತಿಯ ಅಕ್ಷರಗಳಲ್ಲಿವೆ, ಆ ಅಕ್ಷರಗಳು ಮೂಡುವುದು ಒಂದು ಹಳೆಯ ತಂತ್ರಾಂಶದಲ್ಲಿ, ಆ ತಂತ್ರಾಂಶ ತೆರೆದುಕೊಳ್ಳುವುದು ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ಇದ್ದರೆ ಮಾತ್ರ. ಡಾಂಗಲ್ ಸಿಕ್ಕಿಸಿದೆ, ತುದಿಯಲ್ಲಿ ಉರಿಯಬೇಕಾದ ಹಸಿರು ದೀಪ ಉರಿಯಲಿಲ್ಲ. ಇಂಥ ಸಾಧನಗಳನ್ನು ವಿಂಡೋಸ್‌ಗೆ ಹೊಂದಿಸಿಕೊಡುವ ತಂತ್ರಾಂಶವಾದ ಡ್ರೈವರ್ ಹಳೆಯದಾದರೆ ಅದನ್ನು ತಡೆಯುವ ‘ಮೆಮರಿ ಇಂಟೆಗ್ರಿಟಿ’ ಎಂಬ ರಕ್ಷಣೆಯನ್ನು ಆಫ್ ಮಾಡಿ ನೋಡಿದರೂ ಫಲವಿಲ್ಲ. ಮಾರಿದವರಿಗೆ ಫೋನ್ ಮಾಡಿದಾಗ, ಆ ಡ್ರೈವರನ್ನು ಪರಿಷ್ಕರಿಸುವುದನ್ನು ನಿಲ್ಲಿಸಿ ವರ್ಷಗಳಾದವು, ಹೊಸ ಆವೃತ್ತಿ ಕೊಳ್ಳಿ ಎಂಬ ಉತ್ತರ ಬಂತು.

ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬಹುದಲ್ಲ ಎಂದು ಕೇಳುವವರಿಗೆ ಒಂದು ಮಾತು. ಪರಿವರ್ತಕಗಳಿವೆ, ನಾನೂ ಬಳಸುತ್ತೇನೆ. ಆದರೆ ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಅಕ್ಷರಕ್ಕಿಂತ ಮೊದಲೇ ಬರಬೇಕು. ಈ ಅದಲುಬದಲಿನಲ್ಲಿ ‘ಕಾರ್ಯದರ್ಶಿ’, ‘ವರ್ಷ’ದಂಥ ಪದಗಳು ಕೆಲವೊಮ್ಮೆ ಕೆಟ್ಟುಹೋಗುತ್ತವೆ. ಪುಟಪುಟಕ್ಕೂ ಕಾರ್ಯದರ್ಶಿಗಳೇ ತುಂಬಿರುವ ಸಂಚಿಕೆಯನ್ನು ಎರಡು ವಾರದಲ್ಲಿ ತಿದ್ದಿ ಮುಗಿಸುವುದು ನನ್ನಿಂದಾಗದ ಕೆಲಸ. ಹಿಂದಿನ ಆವೃತ್ತಿಗೆ ಮರಳುವುದೆಂದು ತೀರ್ಮಾನಿಸಿದೆ.

ವಿಂಡೋಸ್ 11ಕ್ಕೆ ಏರಿದ ಮೇಲೆ ಹಿಂದಿರುಗುವ ದಾರಿ ತೆರೆದಿರುವುದು ಹತ್ತು ದಿನ ಮಾತ್ರ. ವಿಂಡೋಸ್ 10 ಬಂದ ಹೊಸದರಲ್ಲಿ ಹಳೆಯ ಆವೃತ್ತಿಗೆ ಮರಳಲು ಒಂದು ತಿಂಗಳ ಕಾಲಾವಕಾಶವಿತ್ತು; 2016ರ ಆನಿವರ್ಸರಿ ಅಪ್‌ಡೇಟ್‌ನಿಂದ ಅದು ಹತ್ತು ದಿನಕ್ಕೆ ಇಳಿಯಿತು. ಅಪ್‌ಗ್ರೇಡ್ ಆಗುವಾಗ ಹಳೆಯ ವ್ಯವಸ್ಥೆಯೆಲ್ಲ ಸಿ ಡ್ರೈವಿನ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸೇರುತ್ತದೆ, ಮರಳುವುದೆಂದರೆ ಅದನ್ನೇ ಹೊರಗೆ ತಂದು ಮತ್ತೆ ಕೂರಿಸುವುದು. ಗಡುವು ಮುಗಿದ ಮೇಲೆ ವಿಂಡೋಸ್ ತಾನಾಗಿಯೇ ಅದನ್ನು ಅಳಿಸಿಹಾಕುತ್ತದೆ. ಹತ್ತು ದಿನ ಸಾಲದೆನ್ನುವವರು, ಆ ಹತ್ತು ದಿನ ಕಳೆಯುವುದರೊಳಗೆ ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಡಿಸ್ಮ್’ ಎಂಬ ಸಾಧನದ ಮೂಲಕ ಗಡುವನ್ನು ಅರವತ್ತು ದಿನಗಳವರೆಗೆ ವಿಸ್ತರಿಸಿಕೊಳ್ಳಬಹುದು. ಅದು ನನಗೆ ತಿಳಿದದ್ದು ಕೆಲಸ ಮುಗಿದ ಮೇಲೆ.

ಆ ಫೋಲ್ಡರ್ ನನ್ನ ಯಂತ್ರದಲ್ಲಿ ಉಳಿದದ್ದು ಜಾಣತನದಿಂದಲ್ಲ, ಸೋಮಾರಿತನದಿಂದ. ಊರಿಗೆ ಹೊರಡುವ ಮುನ್ನ ಹುಡುಗ, “ಮಾವ, ಡಿಸ್ಕ್ ತುಂಬುತ್ತಾ ಬಂದಿದೆ, ಹಳೆಯ ವಿಂಡೋಸ್ ಇಪ್ಪತ್ತೆರಡು ಜಿಬಿ ಹಿಡಿದುಕೊಂಡು ಕೂತಿದೆ, ಅಳಿಸಿಬಿಡಲೇ?” ಎಂದು ಕೇಳಿದ್ದ. ನಾನು ಪ್ರೂಫ್‌ನಿಂದ ತಲೆಯೆತ್ತದೆ, “ಇರಲಿ ಬಿಡು, ಆಮೇಲೆ ನೋಡೋಣ” ಎಂದಿದ್ದೆ. ಅಂದು ‘ಹೂಂ’ ಎಂದಿದ್ದರೆ, ಕನಿಷ್ಠ ಎಂಟು ಜಿಬಿಯ ಪೆನ್‌ಡ್ರೈವಿನಲ್ಲಿ ವಿಂಡೋಸ್ 10ನ್ನು ತುಂಬಿಕೊಂಡು ಎಲ್ಲವನ್ನೂ ಮೊದಲಿನಿಂದ ಹಾಕಬೇಕಾಗುತ್ತಿತ್ತು. ಲೈಸೆನ್ಸ್ ಯಂತ್ರಕ್ಕೇ ಅಂಟಿಕೊಂಡಿರುವುದರಿಂದ ಅದು ಸಿಗುತ್ತಿತ್ತು. ಹದಿನೈದು ವರ್ಷಗಳಿಂದ ಜೋಡಿಸಿಕೊಂಡ ಅಕ್ಷರಗಳನ್ನೂ ಪ್ರಿಂಟರ್ ಹೊಂದಾಣಿಕೆಗಳನ್ನೂ ಮತ್ತೆ ಕೂರಿಸುವಷ್ಟರಲ್ಲಿ ಸಂಘದ ಸಮಾರಂಭವೇ ಮುಗಿದಿರುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ‘ರಿಕವರಿ’ ತೆರೆದು ‘ಗೋ ಬ್ಯಾಕ್’ ಒತ್ತಿದೆ. ಯಂತ್ರ ಒಪ್ಪಲಿಲ್ಲ. ಅಪ್‌ಗ್ರೇಡ್ ಆದ ಮೇಲೆ ಸೇರಿಸಿದ ಬಳಕೆದಾರರ ಖಾತೆಗಳನ್ನು ತೆಗೆದ ಹೊರತು ಹಿಂದಿರುಗಲು ಬಿಡುವುದಿಲ್ಲವೆಂಬ ಸೂಚನೆ ಬಂತು. ನೋಡಿದರೆ, ನಮ್ಮ ಹುಡುಗ ರಜೆಯ ಬಳಕೆಗೆಂದು ತನ್ನ ಹೆಸರಿನಲ್ಲೊಂದು ಖಾತೆ ಮಾಡಿಕೊಂಡಿದ್ದ. ಖಾತೆ ತೆಗೆದರೆ ಅದರ ಕಡತಗಳೂ ಹೋಗುತ್ತವೆ. ಹಾಗಾಗಿ ಅವನಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿ, ಡೆಸ್ಕ್‌ಟಾಪ್ ಮೇಲಿದ್ದ ಕಾಲೇಜಿನ ಪ್ರಾಜೆಕ್ಟನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ನಂತರ ಖಾತೆಯನ್ನು ತೆಗೆದೆ. ನನ್ನ ಕಡತಗಳದೂ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿಕೊಂಡೆ.

ಎರಡನೆಯ ಸಲ ಮುಂದೆ ಸಾಗಿತು. ಏಕೆ ಮರಳುತ್ತಿದ್ದೀರಿ ಎಂದು ಕೇಳಿತು. ಬದಲಿಗೆ ಹೊಸ ಅಪ್‌ಡೇಟ್‌ಗಳನ್ನು ಹುಡುಕಬಾರದೇ ಎಂದಿತು. ಏರಿದ ಮೇಲೆ ಹಾಕಿಕೊಂಡ ತಂತ್ರಾಂಶಗಳೂ ಬದಲಿಸಿದ ಹೊಂದಾಣಿಕೆಗಳೂ ಹೋಗುತ್ತವೆ ಎಂದು ಎಚ್ಚರಿಸಿತು. ಕೊನೆಯಲ್ಲಿ, ಹಿಂದಿನ ಆವೃತ್ತಿಗೆ ಪ್ರವೇಶಿಸಲು ಬಳಸುತ್ತಿದ್ದ ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ ಎಂದಿತು. ಇದನ್ನು ಓದದೆ ದಾಟಿಸುವವರೇ ಹೆಚ್ಚು. ಹೊಸದರಲ್ಲಿ ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುತ್ತಿದ್ದ ನನಗೆ, ಹಳೆಯ ಪಾಸ್‌ವರ್ಡ್ ಸಿಕ್ಕಿದ್ದು ಲಗ್ನಪತ್ರಿಕೆಗಳ ಲೆಕ್ಕದ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ.

ಈ ಕೆಲಸ ನಡೆಯುವಾಗ ಯಂತ್ರ ಆರಬಾರದು. ನಮ್ಮಲ್ಲಿ ಮರದ ಟೊಂಗೆಯೊಂದು ತಂತಿಗೆ ತಾಗಿದರೂ ಕರೆಂಟು ಹೋಗುವುದರಿಂದ, ಯುಪಿಎಸ್‌ನಲ್ಲಿ ಕಂಪ್ಯೂಟರ್ ಒಂದನ್ನೇ ಉಳಿಸಿ ಮಿಕ್ಕಿದ್ದನ್ನೆಲ್ಲ ಕಿತ್ತಿಟ್ಟಿದ್ದೆ. ಮುಕ್ಕಾಲು ಗಂಟೆಯ ಬಳಿಕ ಹಳೆಯ ಪರದೆ ಮೂಡಿತು. ನಡುವಿನ ಒಂಬತ್ತು ದಿನಗಳಲ್ಲಿ ಟೈಪು ಮಾಡಿದ್ದ ಪುಟಗಳೆಲ್ಲ ಡಾಕ್ಯುಮೆಂಟ್ಸ್‌ನಲ್ಲಿ ಇದ್ದ ಹಾಗೆಯೇ ಇದ್ದವು. ಹೊಸದಾಗಿ ಹಾಕಿದ್ದ ಪಿಡಿಎಫ್ ತಂತ್ರಾಂಶ ಮಾತ್ರ ಕಾಣೆಯಾಗಿತ್ತು. ಡಾಂಗಲ್ ಸಿಕ್ಕಿಸಿದೊಡನೆ ಹಸಿರು ದೀಪ ಹೊತ್ತಿಕೊಂಡಿತು.

ಭದ್ರತೆಯ ಪ್ರಶ್ನೆ ಇದರಿಂದ ತೀರಲಿಲ್ಲ. ವಿಂಡೋಸ್ 10ರ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ಕೊಡುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು; ಅದಕ್ಕೆ ನೋಂದಾಯಿಸಿಕೊಂಡೆ. ಆ ಯಂತ್ರದಲ್ಲಿ ಮೇಲ್ ನೋಡುವುದನ್ನು ನಿಲ್ಲಿಸಿ, ಪರಿಷ್ಕರಣೆ ಇಳಿಸಿಕೊಳ್ಳುವಾಗಷ್ಟೇ ಇಂಟರ್‌ನೆಟ್ ಕೊಡುತ್ತೇನೆ, ಪ್ರೂಫ್‌ಗಳ ರವಾನೆಯೆಲ್ಲ ಲ್ಯಾಪ್‌ಟಾಪಿನಿಂದ. ವಿಂಡೋಸ್ 11ಕ್ಕೆ ಬನ್ನಿ ಎಂಬ ಕರೆ ಮತ್ತೆ ಬರಬಾರದೆಂದು, ನನ್ನದು ಪ್ರೊ ಆವೃತ್ತಿಯಾದ್ದರಿಂದ, ವಿಂಡೋಸ್‌ನ ನಡವಳಿಕೆಗೆ ನಿಯಮ ಹಾಕುವ ‘ಗ್ರೂಪ್ ಪಾಲಿಸಿ’ಯಲ್ಲಿ ಗುರಿಯ ಆವೃತ್ತಿ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಎಂದು ನಿಗದಿಪಡಿಸಿದ್ದೇನೆ. ಹಳೆಯ ಸಂಚಿಕೆಯ ನೂರಾ ಹನ್ನೆರಡು ಪುಟಗಳಲ್ಲಿ ಅರವತ್ತನ್ನು ಈವರೆಗೆ ಪಿಡಿಎಫ್ ಮಾಡಿ ಮುದ್ರಣಾಲಯಕ್ಕೆ ಕಳುಹಿಸಿಯಾಗಿದೆ.