ಹೊಟ್ಟೆಯಲ್ಲಿ ದೀಪ ಇರುವ ಮೀನು

ಇವತ್ತೆಲ್ಲ ತಲೆ ತುಂಬಾ ಹ್ಯಾಚೆಟ್‌ಫಿಶ್. ಬೆಚ್ಚಗಿನ ಸಮುದ್ರಗಳ ಆಳದಲ್ಲಿ, ನಮ್ಮ ಅರಬ್ಬಿ ಸಮುದ್ರದಲ್ಲೂ ಇರುವ ಪುಟ್ಟ ಬೆಳ್ಳಿ ಬಣ್ಣದ ಮೀನುಗಳು. ಹೆಚ್ಚಿನವು ಬೆರಳುದ್ದವೂ ಇಲ್ಲ, ಮೈ ಕೊಡಲಿಯ ಅಲಗಿನಷ್ಟು ತೆಳು.

ಹಗಲು ಇವು ನೂರಾರು ಮೀಟರ್ ಕೆಳಗಿರುತ್ತವೆ. ಅಲ್ಲಿಗೆ ಇಳಿಯುವುದು ಮಸುಕು ನೀಲಿ ಬೆಳಕು ಅಷ್ಟೇ. ಅದರಲ್ಲೂ ಕೆಳಗೆ ಹೊಂಚು ಹಾಕಿರುವ ದೊಡ್ಡ ಮೀನಿಗೆ ಇದರ ನೆರಳು ಕಂಡರೆ ಕಥೆ ಮುಗಿಯಿತು. ಅದಕ್ಕೇ ಹೊಟ್ಟೆಯ ಅಂಚಿನಲ್ಲಿ ಸಾಲಾಗಿ ಬೆಳಕಿನ ಅಂಗಗಳಿವೆ, ಮೇಲಿನಿಂದ ಎಷ್ಟು ಬೆಳಕು ಬರುತ್ತದೋ ಹೆಚ್ಚೂಕಡಿಮೆ ಅಷ್ಟನ್ನೇ ಕೆಳಕ್ಕೆ ಬಿಟ್ಟು ತನ್ನ ನೆರಳನ್ನೇ ಅಳಿಸಿಬಿಡುತ್ತದೆ, ಮೇಲೆ ಬೆಳಕು ಕುಗ್ಗಿದರೆ ತಾನೂ ಕುಗ್ಗಿಸಿಕೊಳ್ಳುತ್ತದೆ. ನಾವು ದೀಪ ಹಚ್ಚುವುದು ಕಾಣಲಿ ಅಂತ. ಇದು ಹಚ್ಚುವುದು ಕಾಣದಿರಲಿ ಅಂತ! ಎಷ್ಟು ಚಂದ ಅಲ್ವಾ?

ಕೆಲವು ಜಾತಿಗಳ ಕಣ್ಣಂತೂ ಕೊಳವೆಯ ಆಕಾರದಲ್ಲಿ ನೇರ ಮೇಲಕ್ಕೇ ತಿರುಗಿವೆ, ತಲೆಯ ಮೇಲೆ ಹಾದುಹೋಗುವ ಊಟ ಕಾಣಬೇಕಲ್ಲ.

ಇಟಲಿಯ ಮೆಸ್ಸಿನಾ ಜಲಸಂಧಿಯಲ್ಲಿ ಆಳದ ನೀರು ಮೇಲಕ್ಕೆ ಉಕ್ಕಿದಾಗ ಇವು ದಡಕ್ಕೆ ಬಂದು ಬೀಳುತ್ತವೆ. ಅನಸ್ತಾಸಿಯೊ ಕೊಕ್ಕೊ ಅನ್ನುವ ನಿಸರ್ಗ ವಿಜ್ಞಾನಿ ಒಂದು ಜಾತಿಯನ್ನು 1829ರಲ್ಲೇ ವಿವರಿಸಿದ್ದರು. ಒಂದು ಸಲ ಅಲ್ಲಿಗೆ ಹೋಗಿ, ಬೆಳಗಿನ ಜಾವ ಆ ದಡದಲ್ಲಿ ಹುಡುಕುತ್ತಾ ನಡೆಯಬೇಕು ಅಂತ ತುಂಬಾ ಆಸೆ ನನಗೆ.