ಹಳದಿ ಅಗಸೆಗೆ ಮರುಳಾದ ಕಥೆ

ನನ್ನ ಕಪಾಟಿನಲ್ಲಿ ಈಗ ಎರಡು ಡಬ್ಬಿ ಅಕ್ಕಪಕ್ಕ ಕೂತಿವೆ. ಒಂದರಲ್ಲಿ ಕಂದು ಅಗಸೆ ಬೀಜ, ಇನ್ನೊಂದರಲ್ಲಿ ಹಳದಿ. ಕಂದು ಮೊದಲಿಂದಲೂ ಇತ್ತು. ಹಳದಿಯದರಲ್ಲಿ ಒಮೆಗಾ-3 ಅನ್ನೋ ಒಳ್ಳೆಯ ಕೊಬ್ಬು ಜಾಸ್ತಿ ಅಂತ ಯಾರೋ ಹೇಳಿದ್ದನ್ನು ಕೇಳಿ ಅದನ್ನೂ ತಂದೆ. ನೋಡೋಕೆ ಚೆಂದವೇ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ತಂದ ಮೇಲೆ ಕೂತು ಓದಿದೆ. ತರೋಕೆ ಮುಂಚೆ ಓದಬೇಕಿತ್ತು, ಅದು ಬೇರೆ ಮಾತು.

ಎರಡೂ ಒಂದೇ ಜಾತಿಯ ಗಿಡದ ಬೀಜ. ಬಣ್ಣ ಬರುವುದು ಸಿಪ್ಪೆಯಲ್ಲಿರುವ ವರ್ಣದ್ರವ್ಯದಿಂದ, ಅದು ಜಾಸ್ತಿ ಇದ್ದರೆ ಕಂದು, ಕಡಿಮೆ ಇದ್ದರೆ ಹಳದಿ. ಒಳಗಿನ ಸರಕು ಹೆಚ್ಚೂಕಡಿಮೆ ಒಂದೇ. 100 ಗ್ರಾಂ ಬೀಜದಲ್ಲಿ ಸುಮಾರು 42 ಗ್ರಾಂ ಕೊಬ್ಬು, 18 ಗ್ರಾಂ ಪ್ರೋಟೀನ್, 27 ಗ್ರಾಂ ನಾರು.

ಒಮೆಗಾ-3 ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅಗಸೆಯಲ್ಲಿರುವ ಒಮೆಗಾ-3ರ ಹೆಸರು ಆಲ್ಫಾ ಲಿನೋಲೆನಿಕ್ ಆಮ್ಲ. ಸಾಮಾನ್ಯ ಕಂದು ತಳಿಗಳ ಎಣ್ಣೆಯಲ್ಲಿ ಇದು ಶೇಕಡಾ 60ರ ಹತ್ತಿರ ಇರುತ್ತದೆ. ಅಮೆರಿಕದ ನಾರ್ತ್ ಡಕೋಟದಲ್ಲಿ ಬೆಳೆಸಿದ ಹಳದಿ ತಳಿಯೊಂದಿದೆ, ಹೆಸರೇ ಒಮೆಗಾ. ಅದರಲ್ಲಿ ಶೇಕಡಾ 51ರ ಆಸುಪಾಸು. ಹೆಸರು ಒಮೆಗಾ, ಇರುವುದು ಕಂದಿಗಿಂತ ಕಡಿಮೆ! ಹಾಗಂತ ಹಳದಿಯನ್ನು ಎಸೆಯಬೇಕಿಲ್ಲ. ಒಂದು ದೊಡ್ಡ ಚಮಚ ಪುಡಿ ಅಂದರೆ ಸುಮಾರು 7 ಗ್ರಾಂ, ಅದರಲ್ಲಿ ಎಣ್ಣೆ 3 ಗ್ರಾಂ ಸಹ ಇಲ್ಲ. ಲೆಕ್ಕ ಹಾಕಿದರೆ ಕಂದಿನಲ್ಲಿ ಸುಮಾರು 1.8 ಗ್ರಾಂ, ಹಳದಿಯಲ್ಲಿ 1.5 ಗ್ರಾಂ ಒಮೆಗಾ-3 ಸಿಗುತ್ತದೆ. ಚಮಚವನ್ನು ಸಮತಟ್ಟಾಗಿ ತುಂಬಿದೆವೋ ಗೋಪುರದ ಹಾಗೆ ತುಂಬಿದೆವೋ ಅನ್ನೋದರಲ್ಲೇ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಆಗುತ್ತೆ.

ನಿಜವಾದ ವ್ಯತ್ಯಾಸ ಇರುವುದು ಇನ್ನೊಂದು ಹಳದಿಯಲ್ಲಿ. ಅಗಸೆ ಎಣ್ಣೆ ಗಾಳಿಗೆ ಬೇಗ ಒಣಗಿ ಗಟ್ಟಿಯಾಗುತ್ತದೆ. ಬಣ್ಣ, ವಾರ್ನಿಷ್, ನೆಲಕ್ಕೆ ಹಾಸುವ ಲಿನೋಲಿಯಂ ಎಲ್ಲಕ್ಕೂ ಅದು ಬೇಕಾಗಿದ್ದು ಇದೇ ಗುಣಕ್ಕೆ. ಅಡುಗೆಗೆ ಬೇಡವಾಗಿದ್ದೂ ಇದೇ ಗುಣಕ್ಕೆ, ಯಾಕೆಂದರೆ ಹಾಗೆ ಒಣಗಿಸುವ ಆಲ್ಫಾ ಲಿನೋಲೆನಿಕ್ ಆಮ್ಲವೇ ಎಣ್ಣೆಯನ್ನು ಬೇಗ ಕೆಡಿಸುವುದೂ. ಅದಕ್ಕೆ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಆ ಆಮ್ಲ ಶೇಕಡಾ 2-3ಕ್ಕೆ ಇಳಿದಿರುವ ಒಂದು ಅಗಸೆಯನ್ನು ಬೆಳೆಸಿದರು, ಲಿನೋಲಾ ಅಂತ. ಅದರ ಎಣ್ಣೆಯಲ್ಲಿ ತುಂಬಿರುವುದು ಸೂರ್ಯಕಾಂತಿ ಎಣ್ಣೆಯಲ್ಲಿರುವಂಥ ಒಮೆಗಾ-6 ಅನ್ನೋ ಬೇರೆ ಬಗೆಯ ಕೊಬ್ಬು. ಕೆನಡಾದಲ್ಲಿ ಈ ಬಗೆಯನ್ನು ಸೋಲಿನ್ ಅಂದರು. ಮಾಮೂಲಿ ಅಗಸೆ ಜೊತೆ ಬೆರೆತು ಹೋಗಬಾರದು, ಕಣ್ಣಿಗೇ ಗೊತ್ತಾಗಬೇಕು ಅಂತ ಅದರ ಬೀಜಕ್ಕೆ ಹಳದಿ ಬಣ್ಣವನ್ನೇ ಗುರುತಾಗಿ ಇಟ್ಟುಕೊಂಡರು. ಅಂದರೆ ಅಲ್ಲಿ ಹಳದಿ ಅನ್ನೋದು ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ ಅನ್ನೋದರ ಗುರುತು! ನಾನು ನೋಡಿ ಮರುಳಾದ ಬಣ್ಣ ಇದೇ.

ಇನ್ನೊಂದು ವಿಷಯ, ತಳಿ ಗೊತ್ತಾದರೂ ಅಂಕಿ ಪಕ್ಕಾ ಆಗಲ್ಲ. ಕಾಳು ಕಟ್ಟುವಾಗ ಹವೆ ತಂಪಾಗಿದ್ದರೆ ಒಮೆಗಾ-3 ಏರುತ್ತದೆ, ಬಿಸಿಲು ಜೋರಾದರೆ ಇಳಿಯುತ್ತದೆ. ಸಿಪ್ಪೆಯಲ್ಲಿರುವ ಲಿಗ್ನಾನ್ ಅನ್ನೋ ಸಸ್ಯಜನ್ಯ ಅಂಶ ಕೂಡ ಹಾಗೇ, ತಳಿಯಿಂದ ತಳಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೇರೆ ಕಾಳುಗಳಿಗೆ ಹೋಲಿಸಿದರೆ ಅಗಸೆಯಲ್ಲಿ ಲಿಗ್ನಾನ್ ತುಂಬಾ ಜಾಸ್ತಿ, ಆದರೆ ಬರೀ ಎಣ್ಣೆ ಕುಡಿಯುವವರಿಗೆ ಅದು ಸಿಗುವುದು ಅಷ್ಟಕ್ಕಷ್ಟೇ. ನಾರಂತೂ ಸಿಗುವುದೇ ಇಲ್ಲ.

ಎರಡನ್ನೂ ಒಂದೊಂದು ಚಮಚ ಲೋಟದ ನೀರಿಗೆ ಹಾಕಿ ನೋಡಿದೆ, ಸುಮ್ನೆ ಕುತೂಹಲಕ್ಕೆ. ಕಾಲು ಗಂಟೆಯಲ್ಲಿ ಎರಡೂ ಲೋಳೆ ಬಿಟ್ಟವು. ಚಮಚ ಎತ್ತಿದರೆ ಎಳೆ ಎಳೆಯಾಗಿ ಇಳಿಯಿತು, ಬೀಜಗಳು ಒಂದಕ್ಕೊಂದು ಅಂಟಿಕೊಂಡು ತೂಗಾಡಿದವು. ಈ ಲೋಳೆಯೂ ನಾರೇ, ನೀರಲ್ಲಿ ಕರಗುವ ಬಗೆ. ಬಾಯಿಗೆ ಹಾಕಿ ಜಗಿದಾಗ ಮಾತ್ರ ವ್ಯತ್ಯಾಸ ಗೊತ್ತಾಯಿತು. ಕಂದಿನದು ಸ್ವಲ್ಪ ಗಡುಸು, ಮಣ್ಣಿನ ವಾಸನೆ. ಹಳದಿ ಮೃದು. ಹಿಟ್ಟಿಗೆ ಬೆರೆಸಿದರೆ ಹಳದಿ ಕಾಣುವುದಿಲ್ಲ, ಕಂದು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಹಳದಿಯನ್ನು ಆರಿಸೋಕೆ ಇರುವ ಕಾರಣ ಇಷ್ಟೇ.

ಯಾವ ಬಣ್ಣದ್ದಾದರೂ ಪುಡಿ ಮಾಡದೆ ನುಂಗಿದರೆ ಪ್ರಯೋಜನ ಕಡಿಮೆ. ಸಿಪ್ಪೆ ಗಟ್ಟಿ, ಎಷ್ಟೋ ಬೀಜ ಹೋದ ಹಾಗೇ ಹೊರಗೆ ಬರುತ್ತವೆ. ಹಸಿ ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಸ್ವಲ್ಪ ಇರುತ್ತದೆ, ಹುರಿದರೆ ತಗ್ಗುತ್ತದೆ, ದಿನಕ್ಕೆ ಒಂದೆರಡು ಚಮಚಕ್ಕೆ ಹೆದರಬೇಕಿಲ್ಲ. ಆದರೆ ಪುಡಿ ಮಾಡಿದ ಮೇಲೆ ಗಾಳಿ ತಾಗಿ ಬೇಗ ಕೆಡುತ್ತದೆ. ಹೋದ ವಾರ ನಾನು ಮಾಡಿಟ್ಟು ಮರೆತಿದ್ದ ಪುಡಿಯ ಮುಚ್ಚಳ ತೆಗೆದೆ. ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ ಬಂತು. ಅದು ಕಂದಿನ ಪುಡಿಯೋ ಹಳದಿಯದೋ ನೆನಪಿಲ್ಲ. ಲಿನೋಲಾ ಅಂತೂ ಅಲ್ಲ.