ಅಪ್ಪ ಕಲಿಸಿದ ಅರ್ಜಿ, ಲೆಸ್ಟರಿನಲ್ಲಿ

ಈ ಸಲ ಮೇ ತಿಂಗಳಲ್ಲಿ ರಜೆ ಹಾಕಿ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಗೆ ಬಂದಾಗ ಅಣ್ಣನ ಮಗಳು ಮೊದಲ ದಿನವೇ ಹಿಡಿದುಕೊಂಡಳು. "ಅತ್ತೆ, ಅಲ್ಲಿ ನಿಮಗೆ ಕೆಲಸಕ್ಕೆ ಅಂತ ಒಬ್ಬರು ಕೋಚ್ ಇದ್ರಂತೆ ಹೌದಾ? ಅವರಿಗೆ ಪೈಸೆ ಸರಕಾರ ಕೊಟ್ಟದ್ದಾ?" ಚಾವಡಿಯಲ್ಲಿ ಅಮ್ಮ, ಅತ್ತಿಗೆ, ಪಕ್ಕದ ಮನೆಯ ದೊಡ್ಡಮ್ಮ ಎಲ್ಲರೂ ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದರು. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿರುವ ಈ ಹುಡುಗಿಗೆ ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ ಎಂಬ ತೊಂದರೆ ಇದೆಯೆಂದು ಕಳೆದ ವರ್ಷ ವೈದ್ಯರು ಹೇಳಿದ್ದಾರೆ. ಅವಳು ಅದನ್ನು ಅಷ್ಟು ಜನರ ಎದುರು, ಎಣ್ಣೆ ಹಚ್ಚಿದ ಕೈಯಲ್ಲಿ ಹಲಸಿನ ತೊಳೆ ತೆಗೆಯುತ್ತಾ, ಸಹಜವಾಗಿ ಕೇಳಿದ್ದು ನೋಡಿ ನನಗೆ ಗಂಟಲು ಕಟ್ಟಿತು. ನನಗೂ ಅದೇ ಇದೆ, ಆದರೆ ನನ್ನ ಬಾಯಿಂದ ಆ ಮಾತು ಹೊರಡಲು ಮೂವತ್ತಾರು ವರ್ಷ ಹಿಡಿದಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಊರಿನಿಂದ ಹೊರಗೆ ಹೋಗಿ ದುಡಿಯುವ ನಮ್ಮ ಮಕ್ಕಳಲ್ಲಿ ಇನ್ನೂ ಯಾರಿಗಾದರೂ ಬೇಕಾದೀತು.

ಇಂಗ್ಲೆಂಡಿನ ಲೆಸ್ಟರಿನಲ್ಲಿ ನಾನೊಂದು ಸರಕು ಸಾಗಣೆ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದಿನಕ್ಕೆ ಇನ್ನೂರು ಇನ್‌ವಾಯ್ಸ್ ಬಂದರೂ ಒಂದು ಪೈಸೆ ಆಚೀಚೆ ಆಗದ ಹಾಗೆ ತಾಳೆ ಹಾಕಬಲ್ಲೆ. ಆದರೆ ತಿಂಗಳ ಕೊನೆಗೆ ಕೊಡಬೇಕಾದ ಒಂದೇ ಪುಟದ ವರದಿ ನಾಲ್ಕು ದಿನ ಹಾಗೇ ಕೂತಿರುತ್ತಿತ್ತು. ಅರ್ಧ ಬರೆದು ಬಿಟ್ಟ ಮೇಲ್‌ಗಳು ಒಂದು ದಿನ ಎಣಿಸಿದಾಗ ನಲವತ್ತೊಂದು ಇದ್ದವು. ಸೋಮಾರಿಗಳಿಗೆ ನಿದ್ದೆಯಾದರೂ ಬರುತ್ತದೆ. ನಾನು ರಾತ್ರಿ ಹನ್ನೊಂದರವರೆಗೆ ಪರದೆಯ ಮುಂದೆ ಕೂತು, ಆ ಒಂದು ಪುಟ ಶುರುಮಾಡಲಾಗದೆ, ಅತ್ತು ಎದ್ದು ಹೋದದ್ದಿದೆ. ಸಣ್ಣವಳಿದ್ದಾಗ ಅಮ್ಮ ಹೇಳುತ್ತಿದ್ದರು, "ಇವಳಿಗೆ ಮಂಡೆ ಒಂದು ಕಡೆ, ಕೈ ಒಂದು ಕಡೆ." ಬೈಗುಳವಾಗಿ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದು. ಎಡಿಎಚ್‌ಡಿ ನನ್ನಲ್ಲಿ ಹೀಗೆ: ಬುದ್ಧಿಗೆ ಗೊತ್ತಿರುವುದನ್ನು ಕೈ ಶುರುಮಾಡುವುದಿಲ್ಲ, ಹೊತ್ತಿನ ಅಂದಾಜು ಸಿಗುವುದಿಲ್ಲ, ಹಿಡಿದ ಕೆಲಸದ ಕೊನೆಯ ಹತ್ತನೇ ಒಂದು ಪಾಲು ಬಾಕಿ ಉಳಿಯುತ್ತದೆ. ಇದು ಮಕ್ಕಳ ತೊಂದರೆ, ದೊಡ್ಡವರಾದಾಗ ಹೋಗುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿಯಲ್ಲಿ ದೊಡ್ಡವರಿಗೆ ಬೇರೆಯೇ ಅಳತೆ ಕೊಟ್ಟಿದ್ದಾರೆ. ಲಕ್ಷಣಗಳಲ್ಲಿ ಗಮನದ್ದು, ಚಡಪಡಿಕೆಯದ್ದು ಎಂದು ಎರಡು ಗುಂಪು; ಹದಿನೇಳು ತುಂಬಿದವರಲ್ಲಿ ಯಾವುದಾದರೂ ಒಂದು ಗುಂಪಿನ ಐದು ಲಕ್ಷಣ ಇದ್ದರೆ ಸಾಕು, ಆದರೆ ಅವುಗಳಲ್ಲಿ ಕೆಲವಾದರೂ ಹನ್ನೆರಡು ವರ್ಷದ ಒಳಗೇ ಕಾಣಿಸಿಕೊಂಡಿರಬೇಕು. ವೈದ್ಯರು ಬಾಲ್ಯದ ಬಗ್ಗೆ ಕೇಳಿದಾಗ ನಾನು ಅಮ್ಮನ ಆ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ಬರೆದುಕೊಂಡರು.

2022ರಲ್ಲಿ ಮಾತ್ರೆ ಶುರುವಾಯಿತು, ಬದುಕು ಒಂದು ಹಿಡಿತಕ್ಕೆ ಬಂತು. ಮರುವರ್ಷ ಸೆಪ್ಟೆಂಬರಿನಲ್ಲಿ ಎಡಿಎಚ್‌ಡಿ ಮಾತ್ರೆಗಳಿಗೆ ಅಲ್ಲಿ ದೇಶಾದ್ಯಂತ ಅಭಾವ ಬಂತು. ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಮಾತ್ರೆ ಇಲ್ಲದ ಆ ವಾರಗಳಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಮಾತ್ರೆಯಿಂದ ಗಮನ ನಿಲ್ಲುತ್ತಿತ್ತು, ಆದರೆ ಕೆಲಸವನ್ನು ಹೇಗೆ ಕಟ್ಟಿಕೊಳ್ಳಬೇಕೆಂದು ನಾನು ಎಂದೂ ಕಲಿತೇ ಇರಲಿಲ್ಲ. ಡಿಸೆಂಬರಿನಲ್ಲಿ ಕೆಲಸ ಸುಧಾರಿಸಿಕೊಳ್ಳಬೇಕು ಎಂಬ ಪತ್ರ ಕಂಪನಿಯಿಂದ ಬಂತು. ಮೂರು ತಿಂಗಳ ಗಡುವು.

ಆ ಪತ್ರ ಓದಿ ಊಟದ ಕೋಣೆಯಲ್ಲಿ ಸುಮ್ಮನೆ ಕೂತಿದ್ದವಳಿಗೆ ಕಿವಿ ಮಂದವಿರುವ ಒಬ್ಬ ಸಹೋದ್ಯೋಗಿ 'ಆಕ್ಸೆಸ್ ಟು ವರ್ಕ್' ಬಗ್ಗೆ ಹೇಳಿದರು. ಅವರ ಸಾಧನಗಳಿಗೆ ಅದರಿಂದಲೇ ಹಣ ಬಂದಿತ್ತು. 1994ರಿಂದ ನಡೆದು ಬಂದಿರುವ ಸರಕಾರಿ ಯೋಜನೆ ಇದು. ಅಂಗವೈಕಲ್ಯವೋ ದೀರ್ಘಕಾಲದ ಆರೋಗ್ಯದ ತೊಂದರೆಯೋ ಇರುವವರು ಕೆಲಸದಲ್ಲಿ ಉಳಿಯಲು ಬೇಕಾಗುವ ಹೆಚ್ಚಿನ ಖರ್ಚನ್ನು ಅದು ಕೊಡುತ್ತದೆ. ಗಾಲಿಕುರ್ಚಿಗೆ ತಕ್ಕ ಮೇಜು, ಸಂಜ್ಞಾಭಾಷೆಯ ದುಭಾಷಿ, ಬಸ್ಸು ಹತ್ತಲಾಗದವರಿಗೆ ಟ್ಯಾಕ್ಸಿ ಇತ್ಯಾದಿ. ಎಡಿಎಚ್‌ಡಿ ಇರುವವರಿಗೆ ಕೆಲಸದ ಕೋಚಿಂಗ್, ಅಂದರೆ ಕೆಲಸ ಕಟ್ಟಿಕೊಳ್ಳುವ ಬಗೆಯನ್ನು ಕಲಿಸಿಕೊಡುವುದು, ಕೂಡ ಅದರಲ್ಲಿ ಬರುತ್ತದೆ. ಸಾಲವಲ್ಲ, ಹಿಂದೆ ಕೊಡಬೇಕಾಗಿಲ್ಲ. ಸಂಬಳ ಎಷ್ಟೆಂದು ನೋಡಿ ಕೊಡುವುದೂ ಅಲ್ಲ. 16 ತುಂಬಿರಬೇಕು, ಸಂಬಳದ ಕೆಲಸದಲ್ಲಿರಬೇಕು ಅಥವಾ ಸದ್ಯ ಸೇರುವವರಿರಬೇಕು. ಸ್ವಂತ ಉದ್ಯೋಗವಾದರೂ ನಡೆಯುತ್ತದೆ. ರೋಗನಿರ್ಣಯದ ಚೀಟಿ ಇಲ್ಲದೆಯೂ ಅರ್ಜಿ ಹಾಕಬಹುದು. ಎಡಿಎಚ್‌ಡಿ ತಪಾಸಣೆಗೆ ವರ್ಷಗಟ್ಟಲೆ ಸರದಿ ಇರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ಕೇಳಿ ಮನೆಗೆ ಬಂದೆ, ಅರ್ಜಿ ತೆರೆದೆ, ಮುಚ್ಚಿದೆ. ನಾಚಿಕೆ. ಅದರ ಕಾರಣ ಪೆರ್ಲ ಸೇರಿರುವ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳನ್ನು ನೋಡಿದವಳು ನಾನು. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಮ್ಮದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿದ ಮೇಲೂ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಲು ಅಲೆದದ್ದು ನನಗೆ ಗೊತ್ತು. ಎರಡು ಕಾಲಲ್ಲಿ ನಡೆದು, ಸಂಬಳ ತೆಗೆದುಕೊಂಡು, ಹೀಟರ್ ಇರುವ ಮನೆಯಲ್ಲಿ ಕೂತಿರುವ ನಾನು ಯಾವ ಬಾಯಿಂದ ಅಂಗವೈಕಲ್ಯದ ಹಣ ಕೇಳಲಿ?

ಅದನ್ನೇ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಕನ್ನಡ ಮಾಸ್ತರರಾಗಿದ್ದವರು. ನಿವೃತ್ತಿಯ ನಂತರ ಊರವರ ಅರ್ಜಿಗಳನ್ನು ಬರೆದುಕೊಡುವುದೇ ಅವರ ಬೆಳಗಿನ ಕೆಲಸ. ವಿಲ್ಲೇಜ್ ಆಫೀಸಿಗೆ, ಕೃಷಿಭವನಕ್ಕೆ, ಪಂಚಾಯತಿಗೆ. ಪಡ್ರೆಯ ಮನೆಗಳವರಿಗೂ ಬರೆದುಕೊಟ್ಟಿದ್ದಾರೆ. ಮಲಯಾಳದಲ್ಲಿ ಮಾತ್ರ ಅಚ್ಚಾದ ಫಾರಂ ಕೈಗೆ ಕೊಟ್ಟರೆ ಅಪ್ಪ ಅದನ್ನು ಮೇಜಿನ ಮೇಲಿಟ್ಟು, ಕನ್ನಡದಲ್ಲಿ ಬರೆದುಕೊಡುವ ಹಕ್ಕು ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟು ಎಂದು ತಗ್ಗಿದ ದನಿಯಲ್ಲಿ ಹೇಳಿ, ಕನ್ನಡದಲ್ಲೇ ಬರೆದು ಕೊಟ್ಟು ಬರುತ್ತಿದ್ದರು. ಜಗಳ ಮಾಡಿದ್ದು ನಾನು ನೋಡಿಲ್ಲ.

ನನ್ನ ಮಾತು ಮುಗಿಯುವವರೆಗೆ ಸುಮ್ಮನಿದ್ದು ಹೇಳಿದರು, "ಫೈಲು ಬೇರೆ ಬೇರೆ ಮಗಾ. ಅವರ ಫೈಲಿನಿಂದ ತೆಗೆದು ನಿನಗೆ ಕೊಡುವುದಲ್ಲ. ನಿನ್ನದು ಖಾಲಿ ಬಿಟ್ಟರೆ ಅವರಿಗೆ ಸಿಗುವುದೂ ಇಲ್ಲ. ಎಂತ ಕೇಳಿದ್ದಾರೆ ಅದರಲ್ಲಿ, ಓದು."

ಓದಿದೆ. ನಿಮ್ಮ ಸ್ಥಿತಿ ನಿಮ್ಮ ಕೆಲಸಕ್ಕೆ ಹೇಗೆ ಅಡ್ಡಿಯಾಗುತ್ತದೆ, ಯಾವ ನೆರವು ಬೇಕು. ನಾನು ಬರೆದಿಟ್ಟಿದ್ದ ಉತ್ತರವನ್ನೂ ಕನ್ನಡದಲ್ಲಿ ಹೇಳಿದೆ: ಗಮನ ಕೊಡಲು ತುಂಬಾ ಕಷ್ಟವಾಗುತ್ತದೆ, ಒತ್ತಡ ಜಾಸ್ತಿ.

"ಕಷ್ಟ ಅಂತ ಬರೆಯಬೇಡ. ಕೊಳೆರೋಗದ ಅರ್ಜಿಯಲ್ಲಿ ಕಷ್ಟ ಅಂತ ಬರೆದವರಿಗೆ ಎಂತದೂ ಸಿಗಲಿಲ್ಲ. ಎಷ್ಟು ಮರ, ಎಷ್ಟು ಸಲ ಮದ್ದು ಬಿಟ್ಟದ್ದು, ಯಾವ ತಿಂಗಳು ಅಡಿಕೆ ಉದುರಿದ್ದು. ಹಾಗೆ ಬರೆ."

ಅವತ್ತು ರಾತ್ರಿ ಎರಡು ಗಂಟೆ ಕಾಲ ಅಪ್ಪ ಫೋನಿನಲ್ಲೇ ಇದ್ದರು. ಮುಗಿಯುವಾಗ ಊರಲ್ಲಿ ಬೆಳಗಿನ ಜಾವ ಮೂರಾಗಿತ್ತು. ನಾನು ಹೇಳುವುದು, ಅವರು "ಎಷ್ಟು ಹೊತ್ತು? ಎಷ್ಟು ಸಲ?" ಎಂದು ಕೇಳುವುದು. ಕೊನೆಗೆ ಅರ್ಜಿ ಹೀಗಾಯಿತು: ತಿಂಗಳ ವರದಿ ಬರೆಯಲು ಬೇಕಾದದ್ದು ಎರಡು ಗಂಟೆ, ಶುರುಮಾಡಲು ನನಗೆ ಹೋಗುವುದು ಸರಾಸರಿ ನಾಲ್ಕು ದಿನ. ಕಳೆದ ಆರು ತಿಂಗಳಲ್ಲಿ ಐದು ಸಲ ತಡ. ಕಳಿಸದೆ ಉಳಿದ ಮೇಲ್ 41. ವಾರಕ್ಕೆ ಸುಮಾರು ಏಳು ಗಂಟೆ ಸಂಬಳವಿಲ್ಲದೆ ಹೆಚ್ಚುವರಿ ಕೂರುವುದು. ಬೇಕಾದ ನೆರವು: ಎಡಿಎಚ್‌ಡಿ ತಿಳಿದ ಕೋಚ್, ವಾರಕ್ಕೊಂದು ಗಂಟೆ. ಒಂದೊಂದು ತೊಂದರೆಗೂ ಕೋಚಿಂಗಿನಿಂದ ಏನು ಬದಲಾಗಬೇಕು ಎಂದು ಎದುರಿಗೇ ಬರೆದೆ.

ಇನ್ನೊಂದು ಅಡ್ಡಿ ಇತ್ತು. ಹಣ ಪಾವತಿಗೆ ಒಪ್ಪಿಗೆ ಕೊಡಬಲ್ಲ ಕಚೇರಿಯ ಒಬ್ಬರ ಹೆಸರನ್ನು ಅರ್ಜಿಯಲ್ಲಿ ಕೊಡಬೇಕು. ಅಂದರೆ ಗುಟ್ಟಾಗಿ ನಡೆಯುವ ಕೆಲಸವಲ್ಲ. ನಾನು ನನ್ನ ಮೇಲಧಿಕಾರಿಗೆ ಹೇಳಿದೆ. 2010ರ ಸಮಾನತಾ ಕಾಯ್ದೆಯ ಪ್ರಕಾರ ಸಕಾರಣ ಹೊಂದಾಣಿಕೆಗಳನ್ನು ಕಂಪನಿಯೇ ಮಾಡಿಕೊಡಬೇಕು, ಅದಕ್ಕೂ ಮೀರಿದ ಖರ್ಚಿಗೆ ಈ ಯೋಜನೆ ಎಂಬುದನ್ನೂ ತಿಳಿಸಿದೆ. ಅವರು ಗಡುವಿನ ಪತ್ರವನ್ನು ತಡೆಹಿಡಿದರು, ಕಿಟಕಿ ಪಕ್ಕದ ಸದ್ದಿಲ್ಲದ ಮೇಜು ಕೊಟ್ಟರು. ಎಲ್ಲರ ಮೇಲಧಿಕಾರಿಗಳೂ ಹೀಗೆ ಇರುತ್ತಾರೆಂದು ನಾನು ಹೇಳಲಾರೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಅವತ್ತೇ ಮೇಲ್‌ನಲ್ಲೂ ಬರೆದು ಕಳಿಸಿ.

2024ರ ಜನವರಿಯಲ್ಲಿ ಅರ್ಜಿ ಹಾಕಿದೆ. ಉತ್ತರಕ್ಕೆ ಕಾದದ್ದು ಏಳು ತಿಂಗಳು. ಆ ಕಾಯುವಿಕೆ ಬಹಳ ಕೆಟ್ಟದ್ದು. ಕೆಲಸ ಕಳೆದುಕೊಳ್ಳುವ ಅಂಚಿನಲ್ಲಿರುವವರನ್ನು ಅಷ್ಟು ಕಾಲ ಕಾಯಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಕೊನೆಗೆ ಫೋನ್ ಬಂತು, ದರಪಟ್ಟಿ ಕೇಳಿದರು. ನಾನು ವಿಚಾರಿಸಿದ ಮೂವರು ಕೋಚ್‌ಗಳ ದರ ಗಂಟೆಗೆ 85ರಿಂದ 130 ಪೌಂಡ್. 2024-25ಕ್ಕೆ ಒಬ್ಬರಿಗೆ ಕೊಡಬಹುದಾದ ಗರಿಷ್ಠ ಮೊತ್ತ 69,260 ಪೌಂಡ್ ಇತ್ತು. ಕೋಚಿಂಗಿಗೆ ಬೇಕಾದದ್ದು ಅದರಲ್ಲೊಂದು ಚೂರು. ನನಗೆ ಇಪ್ಪತ್ತು ಗಂಟೆ ಮಂಜೂರಾಯಿತು. ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಅಲ್ಲಿ ಯಾವ ಪರವಾನಗಿಯೂ ಬೇಡ, ಹಾಗಾಗಿ ತರಬೇತಿ ಎಲ್ಲಿ ಪಡೆದದ್ದು, ಎಷ್ಟು ವರ್ಷದ ಅನುಭವ ಎಂದು ಮುಖಕ್ಕೇ ಕೇಳಬೇಕು. ಮಂಜೂರಾತಿ ಪತ್ರ ಬರುವ ಮುಂಚೆ ಕೈಯಿಂದ ಪೈಸೆ ಹಾಕಬೇಡಿ. ನಾನು ಅರ್ಜಿ ಹಾಕುವಾಗ ನನಗೆ ಖಾಯಂ ವಾಸದ ಅನುಮತಿ ಇತ್ತು. ಕೆಲಸದ ವೀಸಾದಲ್ಲಿರುವವರು 'ಸಾರ್ವಜನಿಕ ನಿಧಿ' (ಸರಕಾರ ಕೊಡುವ ಕೆಲವು ನೆರವು) ಪಡೆಯಬಾರದೆಂಬ ಷರತ್ತಿನಲ್ಲಿ ಯಾವುವು ಬರುತ್ತವೆ ಎಂಬ ಸರಕಾರಿ ಪಟ್ಟಿಯನ್ನು ಮೊದಲು ಓದಿಕೊಳ್ಳಿ.

ಕೋಚ್ ಮೊದಲ ದಿನ ಮಾಡಿಸಿದ್ದು ಇಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ. ಎಡಗಡೆ 'ಅಂದಾಜು', ಬಲಗಡೆ 'ಆದದ್ದು'. ವಾರವಿಡೀ ಪ್ರತಿ ಕೆಲಸಕ್ಕೂ ಬರೆಯಬೇಕು. ಒಬ್ಬ ಗ್ರಾಹಕರಿಗೆ ಮೇಲ್: ಅಂದಾಜು 10 ನಿಮಿಷ, ಆದದ್ದು 50. ಬಾಕಿ ಪಟ್ಟಿ: ಅಂದಾಜು 20 ನಿಮಿಷ, ಆದದ್ದು 1 ಗಂಟೆ 35. ನಾನು ಇಷ್ಟು ವರ್ಷ ಇಲ್ಲದ ಹೊತ್ತನ್ನು ನಂಬಿ ಮಾತು ಕೊಡುತ್ತಾ ಬಂದಿದ್ದೆ. ಮೂರನೇ ವಾರ ವರದಿಯನ್ನು ಏಳು ತುಂಡು ಮಾಡಿದೆವು. ಮೊದಲನೇ ತುಂಡು, ಫೈಲು ತೆರೆದು ಮೇಲೆ ತಿಂಗಳ ಹೆಸರು ಬರೆದು ಮುಚ್ಚುವುದು. ಅಷ್ಟಕ್ಕೇ ಅವತ್ತಿನ ಕೆಲಸ ಮುಗಿಯಿತು. ಐದನೇ ತಿಂಗಳಲ್ಲಿ ವರದಿ ಒಂದು ದಿನ ಮುಂಚೆಯೇ ಹೋಯಿತು. ಅವತ್ತು ಅಪ್ಪನಿಗೆ ಫೋನ್ ಮಾಡಿ ಬರೀ ತಾರೀಕು ಹೇಳಿದೆ. ಅವರಿಗೆ ಅರ್ಥವಾಯಿತು.

ಅಣ್ಣನ ಮಗಳ ಮುಂದಿನ ಪ್ರಶ್ನೆ, ಇಲ್ಲಿ ಇಂಥದ್ದು ಉಂಟಾ? ಕೋಚಿಂಗಿಗೆ ಹಣ ಕೊಡುವ ಅಂಥ ಯೋಜನೆ ನಮ್ಮ ದೇಶದಲ್ಲಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧ ಹೆಸರಿಸಿದ್ದಾರೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಮೆಯಲ್ಲಿ ಮಾನಸಿಕ ಚಿಕಿತ್ಸೆಗೂ ದೇಹದ ಚಿಕಿತ್ಸೆಗೂ ಭೇದ ಮಾಡಬಾರದು ಎನ್ನುತ್ತದೆ, ಆದರೆ ಕೋಚಿಂಗ್ ಚಿಕಿತ್ಸೆಯಲ್ಲ. ಹಾಗಾಗಿ ಕೇಳಬೇಕಾದ್ದು ಕಂಪನಿಯನ್ನೇ. ಹಲವು ದೊಡ್ಡ ಕಂಪನಿಗಳಲ್ಲಿ ನೌಕರರಿಗೆ ಆಪ್ತಸಮಾಲೋಚನೆಯ ಸೌಲಭ್ಯ ಇರುತ್ತದೆ, ತರಬೇತಿಗೆಂದು ವರ್ಷಕ್ಕಿಷ್ಟು ಹಣವೂ ಇರುತ್ತದೆ. ಆ ತರಬೇತಿ ಹಣವನ್ನು ಕೋಚಿಂಗಿಗೆ ಕೊಡಿ ಎಂದು ಬರೆದು ಕೇಳಬಹುದು. ಮನಸ್ಸು ತೀರಾ ಕುಸಿದ ದಿನ ಮಾತಾಡಲು ಟೆಲಿ-ಮಾನಸ್ 14416 ಇದೆ, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಅಣ್ಣನ ಮಗಳು ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿಗೆ ಪತ್ರ ಬರೆಯಲು ಕೂತಳು. ಅಪ್ಪ ಕನ್ನಡಕ ಹಾಕಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು.

"ಎಂತ ಬರೆದದ್ದು, ಓದು."

"ಅಜ್ಜ, ಶುರುವಿಗೆ, ಕೆಲವು ಸಮಯದಿಂದ ನನಗೆ ಕೆಲಸದಲ್ಲಿ ತುಂಬಾ ಕಷ್ಟವಾಗ್ತಾ ಉಂಟು ಅಂತ…"

"ಯಾವ ದಿನ?"

ಅವಳು ಫೋನಿನಲ್ಲಿ ಕ್ಯಾಲೆಂಡರ್ ತೆರೆದು ಹಿಂದಕ್ಕೆ ಸರಿಸುತ್ತಾ ಹೋದಳು.